ತಾಂಡೇಲ ಓಗೊಟ್ಟ ಮಧ್ಯಾಹ್ನ

ಇಂಥ ಕತೆಗಳನ್ನು ನಾನು ಎಂದೂ ನಂಬಿದವನಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನನ್ನ ನೆನಪಿನ ಮೇಲಂತೂ ಇನ್ನೂ ಕಡಿಮೆ ನಂಬಿಕೆ. ಆದರೂ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಕಾರವಾರದ ಮೀನುಗಾರರ ಸಂಘವೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಕಡಲಿಗೆ ಇಳಿಯಬಹುದೋ ಬೇಡವೋ ಎಂಬ ದಿನದ ಸೂಚನೆಯನ್ನು ನಾನು ಸರ್ವರಿಗೆ ಹಾಕಿದರೆ, ಅಂಕೋಲೆಯ ಕೇಣಿಯಲ್ಲಿ ಮೀನು ಹರಾಜಿನ ಶೆಡ್ಡಿನ ಪರದೆಯಲ್ಲಿ ಅದು ಕಾಣುತ್ತಿತ್ತು. ಒಂದು ಸರ್ವರ್ ಕೆಟ್ಟರೂ ಸೂಚನೆ ನಿಲ್ಲಬಾರದೆಂದು ಎರಡನ್ನು ಜೋಡಿಸಿ, ಎರಡಕ್ಕೂ ಸೇರಿ ಒಂದು ವರ್ಚುವಲ್ ಹೋಸ್ಟ್ ಮಾಡಿದೆ. ಅದು ಬರೀ ಹೆಸರು. ಯಾವ ಯಂತ್ರ ಬದುಕಿದೆಯೋ ಅದು ಆ ಹೆಸರಿಗೆ ಓಗೊಡಬೇಕು. ನಮ್ಮಲ್ಲಿ ದೋಣಿಯ ಚುಕ್ಕಾಣಿ ಹಿಡಿದವನೇ ತಾಂಡೇಲ. ಅವನು ಕಾಯಿಲೆ ಬಿದ್ದರೆ ಚುಕ್ಕಾಣಿಗೆ ಕೈ ಹಾಕಿದವನು ತಾಂಡೇಲ. ನಾನೂ ಅದೇ ಹೆಸರಿಟ್ಟೆ.

ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಸ್ವಲ್ಪ ಮುಂಚೆ ಒಂದು ದಿನ, ಬೆಳಿಗ್ಗೆ ‘ಇಳಿಯಬಹುದು’ ಎಂದು ಹಾಕಿದ್ದೆ. ಕೇಣಿಯವರು ಹೊರಡುವುದು ಸಂಜೆಗೆ. ಅಷ್ಟರೊಳಗೆ ಯುಪಿಎಸ್ ಬ್ಯಾಟರಿ ಬದಲಿಸೋಣವೆಂದು ಮಧ್ಯಾಹ್ನ ಎರಡೂ ಸರ್ವರ್ ಬಂದ್ ಮಾಡಿ ಪ್ಲಗ್ ಕಿತ್ತೆ. ಆಗ ಕೇಣಿಯಿಂದ ಹಮ್ಮಣ್ಣನ ಫೋನ್ ಬಂತು. ಅವನೂ ಒಂದು ದೋಣಿಯ ತಾಂಡೇಲ.

"ಸರ್, ನಿಮ್ಮ ತಾಂಡೇಲಂಗೆ ತಲೆ ಸಮ ಇಲ್ವನ್ರಾ? ಬೆಳಿಗ್ಗೆ ಇಳೀಬಹುದು ಅಂದ, ಈಗ ಇಳೀಬೇಡಿ ಅಂತಾನೆ. ಐಸ್ ತುಂಬಿದ್ದೂ ಆಯ್ತು, ನನ್ನ ತಮ್ಮ ಆಗ್ಲೇ ದೋಣಿ ಹತ್ತಿ ಕೂತಿದ್ದ. ನೂಕೂದಾ, ಬಿಡೂದಾ ಹೇಳಿ ಮಾರಾಯ್ರೆ."

ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಆ ಹೆಸರು ಹಾಕಿ ನೋಡಿದೆ. ಓಗೊಟ್ಟಿತು: ‘ಇಳಿಯಬೇಡಿ’. ಎರಡೂ ಪ್ಲಗ್ಗುಗಳು ನನ್ನ ಕಾಲ ಬಳಿ ನೆಲದ ಮೇಲಿದ್ದವು.

ಸರ್ವರ್ ಬಂದ್ ಇದೆ, ಪರದೆ ನಂಬಬೇಡ ಎನ್ನುವುದೇ ಸರಿಯಾದ ಉತ್ತರವಾಗಿತ್ತು. ಆದರೆ "ಇಳೀಬೇಡ ಹಮ್ಮಣ್ಣ" ಎಂದೆ. ಯಾಕೆ ಎಂದು ಅವನು ಕೇಳಿದ. ಫೋನ್ ಇಟ್ಟುಬಿಟ್ಟೆ.

ಕತ್ತಲಾಗುವ ಮೊದಲೇ ಗಾಳಿ ಎದ್ದಿತು. ಕೇಣಿಯಲ್ಲಿ ದಡಕ್ಕೆ ಎಳೆದಿಟ್ಟ ದೋಣಿಗಳೂ ಮಗುಚಿದವು. ನಾನು ಸರ್ವರ್‌ಗಳನ್ನು ಮತ್ತೆ ಚಾಲೂ ಮಾಡಿದಾಗ ಎರಡರಲ್ಲೂ ಬೆಳಗಿನ ‘ಇಳಿಯಬಹುದು’ ಹಾಗೇ ಇತ್ತು.

ಬೇರಾವುದೋ ಯಂತ್ರ ಆ ಹೆಸರು ಹೊತ್ತಿತ್ತೇ ಎಂದು ಹುಡುಕಿದೆ. ಸಿಗಲಿಲ್ಲ. ನಿಜವಾಗಿ ಎರಡರ ಪ್ಲಗ್ಗೂ ಕಿತ್ತಿದ್ದೆನೇ? ವರ್ಷ ಕಳೆದಂತೆ ಅನುಮಾನ ಬಲಿಯುತ್ತಿದೆ. ಆದರೆ ಕೆಲವು ದಿನಗಳ ನಂತರ ಹಮ್ಮಣ್ಣ ತಮ್ಮನ ಜತೆ ಬಂದು ಬಂಗುಡೆಯ ಎರಡು ಪೊಟ್ಟಣ ಮೇಜಿನ ಮೇಲಿಟ್ಟದ್ದು ಸುಳ್ಳಲ್ಲ. "ಒಂದು ನಿಮಗೆ, ಒಂದು ತಾಂಡೇಲಂಗೆ. ತಿಂತಾನೋ ಇಲ್ವೋ, ಕೊಡೂದು ಕೊಡ್ಬೇಕಲ್ರಾ" ಎಂದು ನಕ್ಕ. ತಮ್ಮ ನಗಲಿಲ್ಲ.

ಆ ಸರ್ವರ್‌ಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಸಂಘದ ಕಚೇರಿಗೆ ಹೋದಾಗಲೆಲ್ಲ ಒಂದು ಕಂಪ್ಯೂಟರಿನ ಮುಂದೆ ಕೂತು ಆ ಹೆಸರನ್ನು ಅರ್ಧ ಟೈಪ್ ಮಾಡುತ್ತೇನೆ, ಅಳಿಸುತ್ತೇನೆ. ಪೂರ್ತಿ ಮಾಡಿ ನೋಡುವ ಧೈರ್ಯ ಇನ್ನೂ ಬಂದಿಲ್ಲ.