ಗಾಳೆಮ್ಮನ ಮನೆಗೆ ಗುಲಗಂಜಿ ಹುಳ ಬಂದದ್ದು

ಗಾಳೆಮ್ಮ ಸುಮ್ಮನೆ ಕುಳಿತದ್ದನ್ನು ಕಂಡವರು ಆ ಊರಲ್ಲಿ ಒಬ್ಬರೂ ಇರಲಿಲ್ಲ. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೋಗುವ ರಸ್ತೆಯಲ್ಲಿ ಕ್ರಾಸಿಗೆ ಇಳಿದು, ಶೇಂಗಾ ಹೊಲಗಳ ನಡುವೆ ಒಂದಿಷ್ಟು ಒಳಗೆ ನಡೆದರೆ ಸಿಗುವ ಸಣ್ಣ ಊರು ಅದು. ಅಲ್ಲಿ ಅವಳು ಊಟವನ್ನೂ ನಿಂತೇ ಮಾಡುತ್ತಿದ್ದಳು, ರೊಟ್ಟಿ ಒಂದು ಕೈಯಲ್ಲಿ, ಪೊರಕೆ ಇನ್ನೊಂದು ಕೈಯಲ್ಲಿ! ಕೂಲಿಗೆ ಹೋದರೆ ತನ್ನ ಸಾಲಿನ ಕಳೆ ಮುಗಿಸಿ ಪಕ್ಕದವಳ ಸಾಲಿಗೂ ಕೈ ಹಾಕಿ ಬೈಸಿಕೊಳ್ಳುವಳು. ಮದುವೆ ಮನೆಗೆ ಹೋದರೆ ಉಣ್ಣಲು ಕುಳಿತವರ ನಡುವೆಯೇ ಕಸ ಗುಡಿಸಲು ಶುರು ಮಾಡುವಳು. ಅವಳ ಗಂಡ ದುರುಗಪ್ಪ ಇದಕ್ಕೆ ಪೂರಾ ಉಲ್ಟಾ. ಅವನಿಗೆ ಕಂಬಳಿಯೊಂದಿದ್ದರೆ ಸಾಕು, ಕಟ್ಟೆಯ ಮೇಲೆ ಹಗಲಿಗೂ ಇರುಳಿಗೂ ವ್ಯತ್ಯಾಸವಿಲ್ಲ.

ಎಪ್ಪತ್ತೆಂಟನೇ ಇಸವಿಯ ಆ ಚಳಿಗಾಲದಲ್ಲಿ ಗಾಳೆಮ್ಮನ ಕಾಲಿಗೆ ಚಕ್ರ ಕಟ್ಟಿದಂತಾಗಿತ್ತು, ಯಾಕೆಂದರೆ ಒಬ್ಬಳೇ ಮಗಳು ಬೊಮ್ಮಮ್ಮ ತಂಬ್ರಹಳ್ಳಿಯ ಗಂಡನ ಮನೆಯಲ್ಲಿ ಬಸುರಿ. ಬಸುರಿಗೆ ಮಾಡುವ ಕುಬಸದ ಶಾಸ್ತ್ರವೂ ಆಗಿತ್ತು. ಚೊಚ್ಚಲ ಹೆರಿಗೆ, ಅದು ತವರಿನಲ್ಲೇ ಆಗಬೇಕು! ಮಗಳನ್ನು ಕರೆತರುವುದೊಂದೇ ಬಾಕಿ. ಗಾಳೆಮ್ಮ ಒಳಕೋಣೆಗೆ ಬೆಳ್ಳಗೆ ಸುಣ್ಣ ಬಳಿದಳು, ನೆಲ ಸಾರಿಸಿದಳು, ಹೊರಸು ಮಂಚದ ಹಗ್ಗ ಬಿಗಿದಳು, ಬಿಗಿದದ್ದು ಸಾಲದೆಂದು ಬಿಚ್ಚಿ ಇನ್ನೊಮ್ಮೆ ಬಿಗಿದಳು. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದವಳೇ ಕಿರುಚಿಕೊಂಡಳು.

"ಬೊಮ್ಮಿ ಅಪ್ಪಾ, ಎದ್ದು ಬಾ! ಗ್ವಾಡಿ ನಡೀತೈತಿ!"

"ಗ್ವಾಡಿ ಎಲ್ಲಿ ನಡೀತೈತಿ ಲೇ," ಕಂಬಳಿಯೊಳಗಿಂದ ದುರುಗಪ್ಪ ಹೇಳಿದ, "ನೀನು ನಡಿಯೋದು ನಿಲ್ಸು, ಅದೂ ನಿಲ್ತೈತಿ."

ಆದರೆ ಗೋಡೆ ನಿಜವಾಗಿಯೂ ನಡೆಯುತ್ತಿತ್ತು! ಕೆಂಪು ಬೆನ್ನು, ಬೆನ್ನ ಮೇಲೆ ಕಪ್ಪು ಚುಕ್ಕಿ. ಗುಲಗಂಜಿ ಹುಳ! ಹೊಲದಲ್ಲಿ ಒಂದು ಸಿಕ್ಕರೆ ಮಕ್ಕಳು ಬೆರಳ ತುದಿಗೆ ಹತ್ತಿಸಿಕೊಂಡು ಹಾರಿಬಿಡುತ್ತಾರೆ, ಅಷ್ಟು ಮುದ್ದು. ಇಲ್ಲಿ ಒಂದಲ್ಲ, ಗೋಡೆಯ ಬಿರುಕುಗಳಿಂದ, ತೊಲೆಯ ಸಂದಿನಿಂದ, ಬಾಗಿಲ ಚೌಕಟ್ಟಿನಿಂದ ಸುರಿಯುತ್ತಲೇ ಇದ್ದವು. ಗಾಳೆಮ್ಮ ಪೊರಕೆಯಿಂದ ಒಂದು ಬಾರಿಸಿದಳು. ಅಯ್ಯೋ, ಬಾರಿಸಿದ ಕಡೆಯೆಲ್ಲ ಹೊಸ ಸುಣ್ಣದ ಮೇಲೆ ಹಳದಿ ಕಲೆ! ಮೇಲಾಗಿ ಮುಗ್ಗಿದ ಹಿಂಡಿಯಂಥ ನಾತ. ಒರೆಸಿದರೆ ಕಲೆ ಇನ್ನೂ ಅಗಲವಾಯಿತು.

ಅಂದಿನಿಂದ ಯುದ್ಧ. ಗುಡಿಸಿ ಮೊರದಲ್ಲಿ ತುಂಬಿ ಹೊಲದಲ್ಲಿ ಸುರಿದು ಬಂದಳು. ಅವಳು ಮನೆ ಸೇರುವ ಮೊದಲೇ ಹುಳ ಮನೆ ಸೇರಿದ್ದವು. ಮೂಲೆ ಮೂಲೆಗೆ ಬೂದಿ ಎರಚಿದಳು. ಹುಳ ಬೂದಿ ಬಳಿದುಕೊಂಡೇ ಓಡಾಡಿದವು. ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿ ಬಾಗಿಲು ಮುಚ್ಚಿದಳು. ಹುಳ ಅಲ್ಲಾಡಲಿಲ್ಲ, ಓಣಿಯೇ ಕೆಮ್ಮುತ್ತಾ ಬೀದಿಗೆ ಬಂತು.

"ಏನಬೇ ಗಾಳೆಮ್ಮಾ," ಪಕ್ಕದ ಮನೆ ಮಾರೆಮ್ಮ ಕಣ್ಣು ಒರೆಸಿಕೊಳ್ಳುತ್ತಾ ಕೂಗಿದಳು, "ಹುಳ ಸಾಯೋಕಿಂತ ಮೊದ್ಲ ನಮ್ಮನ್ನ ಸಾಯಿಸ್ತಿ ಏನು? ಬೇವಿನ ಸೊಪ್ಪು ಹಾಕ್ಬೇ, ಕಹಿಗೆ ಓಡಿ ಹೋಗ್ತಾವ."

ಹುಳದ ವಿಷಯ ತಂಬ್ರಹಳ್ಳಿಗೆ ಮುಟ್ಟಬಾರದು, ಅದು ಗಾಳೆಮ್ಮನ ಹಟ. ಯಾಕೆಂದರೆ ಬೀಗತಿ ಉಚ್ಚಂಗೆಮ್ಮ, ಅಂದರೆ ಬೊಮ್ಮಿಯ ಅತ್ತೆ, ಸಾಮಾನ್ಯ ಹೆಂಗಸಲ್ಲ. ಮದುವೆ ಮಾತುಕತೆಗೆ ಬಂದ ದಿನ ಈ ಮನೆಯ ಜೋಳದ ನುಚ್ಚಿನಲ್ಲಿ ಅವಳಿಗೆ ಒಂದು ನುಸಿ ಸಿಕ್ಕಿತ್ತು. ಒಂದೇ ಒಂದು! ಅದನ್ನು ಉಗುರಿನ ಮೇಲಿಟ್ಟು ಎಲ್ಲರಿಗೂ ತೋರಿಸಿದ್ದಳು, ಊರಿಗೆ ಹೋಗಿ ಬಾವಿಕಟ್ಟೆಯಲ್ಲೂ ಹೇಳಿದ್ದಳು. ಈಗ ಗೋಡೆ ತುಂಬ ಹುಳ ಕಂಡರೆ ಬಸುರಿ ಸೊಸೆಯನ್ನು ಹೊಸ್ತಿಲು ದಾಟಿಸುತ್ತಾಳೆಯೇ? ಕೂಸಿನ ಕಿವಿಯಲ್ಲಿ ಹುಳ ಹೊಕ್ಕರೆ ಯಾರು ಹೊಣೆ ಎಂದು ಕೇಳದೆ ಬಿಡುತ್ತಾಳೆಯೇ? ಬಾಣಂತನ ಕೈತಪ್ಪಿದರೆ ಗಾಳೆಮ್ಮ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ, ಅದಕ್ಕಿಂತ ಹೆಚ್ಚಾಗಿ, ಮಗಳು ನೋವು ತಿನ್ನುವಾಗ ತಾನು ಹತ್ತಿರ ಇರುವ ಹಾಗಿರಲಿಲ್ಲ.

ಹಾಗಾಗಿ ಸಂತೆಗೆ ಬಂದ ತಂಬ್ರಹಳ್ಳಿಯವರ ಹತ್ತಿರ ಹೇಳಿಕಳಿಸಿದಳು: ಸುಣ್ಣ ಇನ್ನೂ ಹಸಿ ಐತಿ, ಬರೋ ವಾರ ಕರ್ಕಂಬರಾಕ ಬರ್ತೀನಿ. ಮುಂದಿನ ವಾರ ಸುಣ್ಣ ಒಣಗದೆ ಇರಲು ಸಾಧ್ಯವೇ? ಬೇರೇನೂ ಹೊಳೆಯದೆ, ಮನ್ಯಾಗ ಹುಷಾರಿಲ್ಲ, ಸ್ವಲ್ಪ ತಡೀರಿ ಅಂದುಬಿಟ್ಟಳು.

ತಂಬ್ರಹಳ್ಳಿಯಲ್ಲಿ ಉಚ್ಚಂಗೆಮ್ಮನ ಕಿವಿ ನಿಮಿರಿತು. ಹುಷಾರಿಲ್ಲ ಅಂದರೆ ಯಾರಿಗೆ? ಏನಾಗಿದೆ? ಮಗಳನ್ನು ಕರೆಯಲು ಮನಸ್ಸಿಲ್ಲದ ನೆವವೇ ಇದು? ಇನ್ನೂ ತಡೆದರೆ ಬಸುರಿ ಬಸ್ಸು ಹತ್ತುವ ಹಾಗೂ ಇರುವುದಿಲ್ಲ. ತಾನೇ ಹೋಗಿ ನೋಡುವುದೆಂದು ಸೊಸೆಯ ಸೀರೆಗಳನ್ನು ಗಂಟು ಕಟ್ಟಿ, ಸೊಸೆಯನ್ನೂ ಕರೆದುಕೊಂಡು, ಯಾರಿಗೂ ಸುದ್ದಿ ಕೊಡದೆ ಹೊರಟೇಬಿಟ್ಟಳು.

ಅದೇ ದಿನ ಗಾಳೆಮ್ಮ ಒಂದು ಹೊರೆ ಬೇವಿನ ಸೊಪ್ಪು ತಂದು ಮನೆಯೊಳಗೆಲ್ಲ ಹರಡಿದ್ದಳು. ಗೋಡೆಯ ಬಿರುಕು ಮೆತ್ತಲು ಕೆಮ್ಮಣ್ಣು ತರಬೇಕಿತ್ತು. ಬುಟ್ಟಿ ಎತ್ತಿಕೊಂಡು ಹೊರಟವಳು ಗಂಡನಿಗೆ ಹೇಳಿದಳು, "ಉಳಿದ ಬೇವು ಹುಳ ಎಲ್ಲಿಂದ ಬರ್ತಾವೋ ಅಲ್ಲಿ ಇಡು. ಇಷ್ಟರ ಮಾಡು ಮಾರಾಯ."

ದುರುಗಪ್ಪ ಅಪರೂಪಕ್ಕೆ ಎದ್ದ. ಅಪರೂಪಕ್ಕೆ ಗಮನವಿಟ್ಟು ನೋಡಿದ. ಅವನು ಕಂಡಂತೆ ಹುಳ ಹೆಚ್ಚಾಗಿ ಬಾಗಿಲಿನಿಂದಲೇ ಬರುತ್ತಿದ್ದವು. ಸರಿ, ಬೇವಿನ ಟೊಂಗೆಗಳನ್ನೆಲ್ಲ ಸೇರಿಸಿ ದಪ್ಪಗೆ ತಲೆಬಾಗಿಲಿಗೆ ಕಟ್ಟಿದ! ಹೆಂಡತಿ ಹೇಳಿದ ಕೆಲಸ ಮುಗಿಯಿತೆಂಬ ಸಮಾಧಾನಕ್ಕೆ, ಅದರ ಕೆಳಗೇ ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದ.

ಆ ಸೀಮೆಯಲ್ಲಿ ತಲೆಬಾಗಿಲಿಗೆ ಬೇವು ಕಟ್ಟಿದರೆಂದರೆ ಒಳಗೆ ಅಮ್ಮ ಬಂದಿದ್ದಾಳೆ, ಯಾರಿಗೋ ಮೈತುಂಬ ಗುಳ್ಳೆ ಎದ್ದಿವೆ, ಹೊರಗಿನವರು ಕಾಲಿಡಬಾರದು ಎಂದರ್ಥ. ಸಿಡುಬು ದೇಶ ಬಿಟ್ಟು ಹೋಯಿತೆಂದು ಸರಕಾರ ಹೇಳಿತ್ತು ನಿಜ. ಆದರೆ ಅಮ್ಮನಿಗೆ ಬಾ ಅನ್ನುವುದಕ್ಕೆ, ಹೋಗು ಅನ್ನುವುದಕ್ಕೆ ಸರಕಾರ ಯಾರು?

ಗಾಳೆಮ್ಮ ಕೆಮ್ಮಣ್ಣಿನ ಬುಟ್ಟಿ ಹೊತ್ತು ವಾಪಸು ಬಂದಾಗ ಓಣಿಯ ತಿರುವಿನಲ್ಲೇ ಮಾರೆಮ್ಮ ಅಡ್ಡ ನಿಂತಿದ್ದಳು. ಅವಳ ಮುಖವೇ ಸರಿಯಿರಲಿಲ್ಲ.

"ನಿನ್ ಬೀಗ್ತಿ ಬಂದಿದ್ಲು ಬೇ, ಬೊಮ್ಮೀನ ಕರ್ಕಂಡು. ಇಲ್ಲಿ ತನ ಬಂದಾಕಿ ನಿನ್ ಬಾಗಿಲ ನೋಡಿದ್ಲು, ಹುಡುಗಿ ಮಕಕ್ಕ ಸೆರಗು ಮುಚ್ಚಿ ದರದರ ಎಳ್ಕಂಡು ಹೋದ್ಲು. ನಾ ಕೂಗಿದ್ರೂ ತಿರುಗಿ ನೋಡ್ಲಿಲ್ಲ."

ಗಾಳೆಮ್ಮ ಬಾಗಿಲು ನೋಡಿದಳು. ಬೇವು ನೋಡಿದಳು. ಬೇವಿನ ಕೆಳಗೆ ಕಂಬಳಿ ನೋಡಿದಳು. ಬೈಯಲೂ ಹೊತ್ತಿರಲಿಲ್ಲ, ಓಡಿದಳು! ತಲೆಯ ಮೇಲಿನ ಬುಟ್ಟಿ ಇಳಿಸಬೇಕೆಂಬುದೂ ನೆನಪಾಗದೆ ಓಡಿದಳು, ಕೆಮ್ಮಣ್ಣು ಮುಖದ ಮೇಲೆಲ್ಲ ಉದುರುತ್ತಿತ್ತು. ದಾರಿಯ ನಡುವೆ ಯಾವಾಗಲೋ ಬುಟ್ಟಿ ತಾನೇ ಬಿದ್ದುಹೋಯಿತು.

ಕ್ರಾಸಿನಲ್ಲಿ, ರಸ್ತೆಯ ಆಚೆ ಬದಿಗೆ ಇಬ್ಬರೂ ನಿಂತಿದ್ದರು. ಗಂಟು ಉಚ್ಚಂಗೆಮ್ಮನ ಕಂಕುಳಲ್ಲಿ. ಬೊಮ್ಮಿ ಸೊಂಟದ ಮೇಲೆ ಕೈಯಿಟ್ಟು ಅಳುತ್ತಿದ್ದಳು.

"ಅಲ್ಲೇ ನಿಂದ್ರು ಗಾಳೆಮ್ಮಾ!" ಉಚ್ಚಂಗೆಮ್ಮ ಕೈ ಚಾಚಿ ಅಬ್ಬರಿಸಿದಳು. "ರಸ್ತಾ ದಾಟಿದ್ರ ನೋಡು! ಹೊಟ್ಟಿಯಾಗ ಕೂಸೈತಿ!"

"ಬೀಗ್ತಿ, ಅಮ್ಮ ಅಲ್ಲ ಬೇ! ಹುಳ! ಗುಲಗಂಜಿ ಹುಳ!"

"ಹುಳಕ್ಕ ಯಾರರ ಬಾಗಿಲಿಗೆ ಬೇವು ಕಟ್ತಾರ? ನಿನ್ ಗಂಡ ಹಾಡಹಗಲ ಕಂಬಳಿ ಹೊದ್ಕಂಡು ಮಕ್ಕಂಡಾನ, ನನ್ ಕಣ್ಣಿಲೆ ನೋಡೀನಿ!"

"ಅವ್ನು ದಿನಾ ಹಂಗ ಮಕ್ಕಂತಾನ!"

"ಮತ್ತ ಮನ್ಯಾಗ ಹುಷಾರಿಲ್ಲ ಅಂತ ಹೇಳಿಕಳ್ಸಿದ್ದು? ಅದನ್ನೂ ಹುಳಾನ ಹೇಳಿಕಳ್ಸಿತೇನು?"

ದೂರದಲ್ಲಿ ಕೂಡ್ಲಿಗಿಗೆ ಹೋಗುವ ಕೆಂಪು ಬಸ್ಸು ಧೂಳೆಬ್ಬಿಸಿಕೊಂಡು ಬರುತ್ತಿತ್ತು.

"ಸುಳ್ಳು ಹೇಳೀನಿ ಬೇ! ಮನಿ ತುಂಬ ಹುಳ ಅದಾವ ಅಂದ್ರ ನೀನು ತಂಬ್ರಹಳ್ಳಿ ತುಂಬ ಆಡ್ಕಂತಿ. ಒಂದ್ ನುಸಿಗೆ ಅಷ್ಟ್ ಮಾಡ್ದಾಕಿ ನೀನು! ಅದಕ್ಕ ಹೇಳಾಕ ಬಾಯಿ ಬರ್ಲಿಲ್ಲ!"

"ಅತ್ತಿ," ಬೊಮ್ಮಿ ಮೂಗೆಳೆದುಕೊಂಡು ಹೇಳಿದಳು, "ನಮ್ಮವ್ವ ಒಂದ್ ಕಡಿ ನಿಂದ್ರಾಕಿ ಅಲ್ಲ. ಆಕಿನ್ನ ಹಿಡಿಯಾಕ ಅಮ್ಮಗೂ ಆಗಂಗಿಲ್ಲ."

ಅಷ್ಟರಲ್ಲಿ ಬಸ್ಸು ಬಂದು ಸರಿಯಾಗಿ ಇಬ್ಬರ ನಡುವೆಯೇ ನಿಂತಿತು! "ಕೂಡ್ಲಿಗಿ, ಕೂಡ್ಲಿಗಿ, ಹತ್ರಿ ಲಗೂನ!" ಎಂದು ಕಂಡಕ್ಟರ್ ಬಾಗಿಲು ಬಡಿದ. ಗಾಳೆಮ್ಮನಿಗೆ ಆಚೆ ಏನೂ ಕಾಣಲಿಲ್ಲ. ಮೊಣಕಾಲೂರಿ ಬಸ್ಸಿನ ಕೆಳಗಿಂದ ನೋಡಿದಳು. ಎರಡು ಜೊತೆ ಪಾದ. ಒಂದು ಜೊತೆ ಮೇಲಕ್ಕೆ ಹೋಯಿತು, ಮಾಯವಾಯಿತು. ಇನ್ನೊಂದು ಜೊತೆ, ಊದಿಕೊಂಡ ಪಾದ, ಕಾಲುಂಗುರ ಬಿಗಿಯಾದ ಬೆರಳು, ಒಂದು ಹೆಜ್ಜೆ ಮುಂದಿಟ್ಟಿತು. ಗಾಳೆಮ್ಮ ಕಣ್ಣು ಮುಚ್ಚಿಕೊಂಡಳು. ಬಸ್ಸು ಗುರ್ ಎಂದು ಹೊರಟಿತು.

ಕಣ್ಣು ಬಿಟ್ಟರೆ ಆಚೆ ಬದಿಯಲ್ಲಿ ಬೊಮ್ಮಿ ಒಬ್ಬಳೇ ನಿಂತಿದ್ದಾಳೆ! ಬಸ್ಸಿನೊಳಗಿಂದ ಉಚ್ಚಂಗೆಮ್ಮನ ಬೊಬ್ಬೆ: "ನಿಲ್ಸಲೇ ನಿಲ್ಸು! ನನ್ ಸೊಸಿ ಹತ್ತಿಲ್ಲ!" ಬಸ್ಸು ಒಂದಷ್ಟು ದೂರ ಹೋಗಿ ಕಿರ್ರೆಂದು ನಿಂತಿತು. ಗಂಟು ಮೊದಲು ಕೆಳಗೆ ಬಿತ್ತು, ಹಿಂದೆ ಉಚ್ಚಂಗೆಮ್ಮ ಇಳಿದಳು, ಕಂಡಕ್ಟರನನ್ನೂ ಸೊಸೆಯನ್ನೂ ಒಟ್ಟಿಗೇ ಬೈಯುತ್ತಾ.

ಅಷ್ಟರಲ್ಲಿ ಬೊಮ್ಮಿ ರಸ್ತೆ ದಾಟಿ ತಾಯಿಯ ಹತ್ತಿರ ಬಂದಿದ್ದಳು. ಗಾಳೆಮ್ಮನ ಹೆಗಲ ಮೇಲೆ ಒಂದು ಹುಳ ಹರಿದಾಡುತ್ತಿತ್ತು. ಅದನ್ನು ಬೆರಳಿಗೆ ಹತ್ತಿಸಿಕೊಂಡು, ಬೈಯುತ್ತಾ ಹತ್ತಿರ ಬಂದ ಅತ್ತೆಯ ಮುಖದ ಮುಂದೆ ಹಿಡಿದಳು. ಉಚ್ಚಂಗೆಮ್ಮ ಬಗ್ಗಿ ನೋಡಿದಳು. ಕೆಂಪು ಮೈ, ಕಪ್ಪು ಚುಕ್ಕಿ.

"ಅಮ್ಮ ಬಂದಿರೋದು ಇದಕ್ಕ ನೋಡು," ಅಂದಳು. ಯಾರೂ ನಗುವ ಧೈರ್ಯ ಮಾಡಲಿಲ್ಲ. "ನಡೀರಿ. ನನ್ ಕಣ್ಣಿಲೆ ನೋಡ್ತೀನಿ. ಒಂದ್ ಗುಳ್ಳಿ ಕಂಡ್ರೂ ಮುಂದಿನ ಬಸ್ಸಿಗೆ ವಾಪಸ್ಸು."

ಮನೆ ಮುಟ್ಟಿದವಳೇ ಸೊಸೆಯನ್ನು ಮಾರೆಮ್ಮನ ಅಂಗಳದಲ್ಲಿ ಕೂರಿಸಿ, ದುರುಗಪ್ಪನ ಕಂಬಳಿ ಕಿತ್ತೆಳೆದಳು. ಮುಖ ನೋಡಿದಳು, ಬೆನ್ನು ನೋಡಿದಳು, ಅಂಗೈ ತಿರುಗಿಸಿ ನೋಡಿದಳು. ದುರುಗಪ್ಪ ಏನೂ ತಿಳಿಯದೆ ಕೈಮುಗಿದ.

"ಮೈಗಳ್ಳತನ ಬಿಟ್ರ ಬ್ಯಾರೆ ರೋಗ ಏನಿಲ್ಲ," ಎಂದು ತೀರ್ಪು ಕೊಟ್ಟು ಒಳಗೆ ನಡೆದಳು. ಗಾಳೆಮ್ಮ ಹಿಂದೆ ಹಿಂದೆಯೇ, ಒಮ್ಮೆ ಅವಳ ಎಡಕ್ಕೆ, ಒಮ್ಮೆ ಬಲಕ್ಕೆ. ಉಚ್ಚಂಗೆಮ್ಮ ಹಳದಿ ಕಲೆ ಬಿದ್ದ ಗೋಡೆ ನೋಡಿದಳು, ತೊಲೆ ನೋಡಿದಳು, ಹಿತ್ತಲಿಗೆ ಹೋದಳು. ಅಲ್ಲಿ ದುರುಗಪ್ಪ ಹೊಲದಿಂದ ತಂದ ಜೋಳದ ಸೊಪ್ಪೆಯನ್ನು ಒಳಕೋಣೆಯ ಹಿಂದಿನ ಗೋಡೆಗೆ ಒತ್ತಿ ಬಣವೆ ಒಟ್ಟಿದ್ದ. ದೂರ ಒಟ್ಟಲು ನಾಲ್ಕು ಹೆಜ್ಜೆ ಹೆಚ್ಚು ನಡೆಯಬೇಕಲ್ಲ! ಉಚ್ಚಂಗೆಮ್ಮ ಒಂದು ಕಟ್ಟು ಎಳೆದಳು. ಕೆಂಪಗೆ ಸುರಿದವು.

"ಹೊಲಾನ ತಂದು ಮನಿಗೆ ಅಂಟ್ಸೀರಲ್ಲ! ಅವು ಇನ್ನೆಲ್ಲಿಗೆ ಹೋಗ್ಬೇಕು? ಇಷ್ಟು ದಿನ ಒಳಗ ಬಡಕಂಡಿ, ಹಿಂದ ಬಂದು ನೋಡಾಕ ಆಗ್ಲಿಲ್ಲೇನು ನಿನಗ?"

"ಹಿಂದ ಬರಾಕ ಬಿಡುವೆಲ್ಲಿ ಬೇ, ಒಳಗ ಇಷ್ಟ್ ಅದಾವ!"

"ಬಾಯಿ ಮುಚ್ಚಿ ಹೊರು."

ಸಂಜೆಯ ತನಕ ಮೂವರೂ ಬಣವೆ ಹೊತ್ತು ಬಯಲಿಗೆ ಸಾಗಿಸಿದರು. ಬೀಗತಿಯ ಕಣ್ಣ ಮುಂದೆ ದುರುಗಪ್ಪ ಕೂಡ ಓಡೋಡಿ ಹೊತ್ತ, ಓಣಿಯವರು ಅದನ್ನು ನೋಡಲೆಂದೇ ಬಂದು ನಿಂತರು. ಆಮೇಲೆ ಹೆಂಗಸರಿಬ್ಬರೂ ಮತ್ತೆ ಮಣ್ಣು ತಂದು ಬಿರುಕು ಬಿರುಕಿಗೂ ಮೆತ್ತಿದರು, ಮಣ್ಣು ನೀರಾಯಿತು, ಮಣ್ಣು ಗಟ್ಟಿಯಾಯಿತು ಎಂದು ಜಗಳವಾಡುತ್ತಾ. ಹುಳ ಪೂರ್ತಿ ಹೋಗಿರಲಿಲ್ಲ. ತೊಲೆಯ ಮೇಲೆ ಇನ್ನೂ ಕೆಲವು ಹರಿಯುತ್ತಿದ್ದವು, ಗಾಳೆಮ್ಮ ಅವನ್ನೂ ನೋಡುತ್ತಿದ್ದಳು, ಬೀಗತಿಯ ಮುಖವನ್ನೂ ನೋಡುತ್ತಿದ್ದಳು.

ಉಚ್ಚಂಗೆಮ್ಮ ಕೈ ತೊಳೆದುಕೊಂಡು ಗಂಟು ಎತ್ತಿಕೊಂಡಳು. ಗಾಳೆಮ್ಮ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು. ಆದರೆ ಬೀಗತಿ ಬಾಗಿಲ ಕಡೆ ಹೋಗಲಿಲ್ಲ. ಒಳಕೋಣೆಗೆ ಹೋಗಿ ಗಂಟು ಬಿಚ್ಚಿ, ಸೊಸೆಯ ಸೀರೆಗಳನ್ನು ಒಂದೊಂದಾಗಿ ಕೊಡವಿ ಗೂಟಕ್ಕೆ ಹಾಕತೊಡಗಿದಳು.

"ಈ ತೊಲಿ ಸಂದಿಗೆ ನಾಳೆ ಮಣ್ಣು ಮೆತ್ತು," ತಿರುಗದೆಯೇ ಹೇಳಿದಳು. "ನಿಂತ್ಕಂಡು ಏನ್ ನೋಡ್ತಿ? ಮಗಳು ಕಾಲು ಊದಿಸ್ಕಂಡು ಹೊರಗ ಕುಂತಾಳ. ಒಳಗ ಕರಿ ಹೋಗು."