ಅಲುಗಾಡಿದ ಹೆಬ್ಬೆರಳು

ಹೃದಯದ ಕವಾಟ ಬದಲಿಸುವ ಕೋಣೆಯಲ್ಲಿ ಆ ನರ್ಸ್ ನಿಲ್ಲುತ್ತಿದ್ದುದು ರೋಗಿಯ ಕಾಲ ಬಳಿ. ಇಪ್ಪತ್ತೆರಡು ವರ್ಷ ಅಲ್ಲೇ ನಿಂತಳು. ತೊಡೆಸಂದಿನ ರಕ್ತನಾಳದಿಂದ ಕೊಳವೆ ತೂರಿಸಿ ಹೊಸ ಕವಾಟವನ್ನು ಹೃದಯಕ್ಕೆ ಕಳಿಸುವ ಕೆಲಸ ಅದು. ಎದೆ ಸೀಳುವುದಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸುವುದೂ ಇಲ್ಲ. ನೋವು ತಿಳಿಯದಷ್ಟು ಮಂಪರು, ಅಷ್ಟೇ. ರೋಗಿಯ ಕೈಗಳನ್ನು ಪಟ್ಟಿಯಿಂದ ಬಿಗಿದಿರುತ್ತೇವೆ, ಮುಖಕ್ಕೆ ಮಾಸ್ಕ್ ಹಾಕಿರುತ್ತೇವೆ. ಆದ್ದರಿಂದ ಅವಳು ಪ್ರತಿಯೊಬ್ಬರ ಎಡಗಾಲ ಹೆಬ್ಬೆರಳಿಗೆ ತನ್ನ ಬೆರಳು ತಾಗಿಸಿ, "ನೋವಾದ್ರೆ ಇದನ್ನ ಒತ್ತಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ," ಎನ್ನುತ್ತಿದ್ದಳು. ಅವರು ಒತ್ತಿದರೆ, ತಲೆಯ ಕಡೆ ಕೂತ ಅರಿವಳಿಕೆ ವೈದ್ಯೆಯಾದ ನನಗೆ ಕಣ್ಸನ್ನೆ ಮಾಡುತ್ತಿದ್ದಳು. ನಾನು ಔಷಧ ಏರಿಸುತ್ತಿದ್ದೆ. ಇದು ಯಾವ ನಿಯಮದಲ್ಲೂ ಇರಲಿಲ್ಲ. ಕಿರಿಯ ವೈದ್ಯರು ಅವಳಿಗೆ ಹೆಬ್ಬೆರಳಕ್ಕ ಎಂದು ಹೆಸರಿಟ್ಟಿದ್ದರು.

ಆ ವರ್ಷ ನಮ್ಮ ವಿಭಾಗದ ಮುಖ್ಯಸ್ಥರು ಅಫೀಮಿನ ಕುಲದ ಎರಡು ಔಷಧಗಳನ್ನು ಹೋಲಿಸಲು ಹೊರಟರು. ಒಂದು ಹಳೆಯದು, ಇನ್ನೊಂದು ಹೊಸದು. ಯಾರಿಗೆ ಯಾವುದೆಂದು ನಮಗೆ ತಿಳಿಯದಂತೆ ಸಿರಿಂಜುಗಳಿಗೆ ಬರೀ ಸಂಖ್ಯೆ ಅಂಟಿಸಿದ್ದರು. ಅವಳಿಗೆ ಮಾತ್ರ ಮೂರನೇ ವಾರಕ್ಕೇ ವ್ಯತ್ಯಾಸ ತಿಳಿಯಿತು. ಕೆಲವರು ಎಚ್ಚರವಾಗಿರುತ್ತಿದ್ದರು, ನೋವಾದಾಗ ಒತ್ತುತ್ತಿದ್ದರು, ಔಷಧ ಏರಿಸಿದ ಕೂಡಲೇ ಹಗುರಾಗುತ್ತಿದ್ದರು. ಉಳಿದವರು ಕಲ್ಲಿನಂತೆ ಬಿದ್ದಿರುತ್ತಿದ್ದರು. ಅಂಥವರಲ್ಲಿ ಕೆಲವರು ವಾರ್ಡಿಗೆ ಬಂದ ಮೇಲೆ, ನೋವೆಲ್ಲ ಗೊತ್ತಾಗುತ್ತಿತ್ತು, ಹೇಳುವ ಶಕ್ತಿಯಿರಲಿಲ್ಲ ಎನ್ನುತ್ತಿದ್ದರು.

ಅವಳ ಕುತೂಹಲಕ್ಕೆ ಮನೆಯಲ್ಲೇ ಕಾರಣವಿತ್ತು. ಅತ್ತೆಯ ಕವಾಟವೂ ಕಿರಿದಾಗಿತ್ತು. ಅಧ್ಯಯನ ಮುಗಿದ ಮರುತಿಂಗಳು ಅತ್ತೆಯ ಸರದಿ.

"ನನ್ ಕಾಲು ನಿನ್ ಕೈಗೆ ಸಿಕ್ರೆ ಸುಮ್ನೆ ಬಿಡ್ತೀಯಾ ನೀನು?" ಎಂದು ಅತ್ತೆ ಕೆಣಕುತ್ತಿದ್ದಳು.

"ನಿಮ್ ಬಾಯಿ ಮುಚ್ಚಿರ್ತಾರಲ್ಲ ಅತ್ತೆ, ಅದನ್ನ ನೋಡೋಕಾದ್ರೂ ಬರ್ತೀನಿ."

ಫಲಿತಾಂಶ ಓದುವ ದಿನ ಎಲ್ಲರೂ ಸೇರಿದೆವು. ಮುಖ್ಯಸ್ಥರು ಹಳೆಯ ಔಷಧವೇ ಮೇಲೆಂದರು. ಹೊಸದರಲ್ಲಿ ರೋಗಿಗಳು ಬಹಳ ಅಲುಗಾಡಿದ್ದರಂತೆ. ಅಲುಗಾಟವನ್ನು ಎಣಿಸಿದ್ದು ಹೇಗೆಂದು ಅವಳು ಕೇಳಿದಳು. ಕೋಣೆಯ ಕ್ಯಾಮೆರಾ ನೋಡಿ, ಪಾದ ಮಿಸುಕಿದಾಗಲೆಲ್ಲ ಒಂದು ಗೆರೆ ಎಳೆದಿದ್ದರು.

ಅವಳು ಎದ್ದು ನಿಂತಳು. "ಸರ್, ಅದು ಅಲುಗಾಟ ಅಲ್ಲ. ಒತ್ತಿ ಅಂತ ನಾನೇ ಹೇಳಿದ್ದೆ. ಎಚ್ಚರ ಇದ್ದೋರು ಒತ್ತಿದ್ರು, ಮಂಪರಲ್ಲಿ ಬಿದ್ದಿದ್ದೋರಿಗೆ ನೋವಾದ್ರೂ ಒತ್ತೋಕಾಗ್ಲಿಲ್ಲ."

"ಹೆಬ್ಬೆರಳು ಹಿಡ್ಕೊಳ್ಳಿ ಅಂತ ನಿಮಗೆ ಹೇಳಿದ್ಯಾರು?"

"ಯಾರೂ ಹೇಳ್ಲಿಲ್ಲ. ಕೈ ಕಟ್ತೀವಿ, ಬಾಯಿ ಮುಚ್ತೀವಿ. ಉಳಿಯೋದು ಕಾಲೇ ತಾನೆ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ನೂರಿಪ್ಪತ್ತು ಜನರ ಅಧ್ಯಯನ ಸಿಸ್ಟರ್. ಒಂದು ಹೆಬ್ಬೆರಳಿಗೋಸ್ಕರ ಹೊಳೆಗೆ ಹಾಕ್ಬೇಕಾ?" ಎಂದರು ಮುಖ್ಯಸ್ಥರು. ಅವಳು ನನ್ನತ್ತ ನೋಡಿದಳು. ಆ ಕಣ್ಸನ್ನೆಗಳಿಗೆ ನಾನೊಬ್ಬಳೇ ಸಾಕ್ಷಿ. ಪ್ರಬಂಧದಲ್ಲಿ ನನ್ನ ಹೆಸರು ಎರಡನೆಯದಾಗಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಮರುವಾರ ಅವಳನ್ನು ಹೊರರೋಗಿಗಳ ವಿಭಾಗಕ್ಕೆ, ಚೀಟಿ ಬರೆಯುವ ಮೇಜಿಗೆ ಹಾಕಿದರು. ರೋಗಿಯ ಪಾದಗಳನ್ನೂ ಬಿಗಿಯಬೇಕೆಂದು ಆದೇಶ ಬಂತು.

ಅತ್ತೆಯ ದಿನ ಅವಳು ಬಾಗಿಲವರೆಗೆ ಬಂದು ನಿಂತಳು. ಒಳಗೆ ಬಿಡಲಿಲ್ಲ. ಹಳೆಯ ಔಷಧ ಕೊಟ್ಟವಳು ನಾನೇ. ಕೆಲಸ ನಲವತ್ತೈದು ನಿಮಿಷದಲ್ಲಿ ಮುಗಿಯಿತು. ಕವಾಟ ಚೆನ್ನಾಗಿ ಕೂತಿತು.

ಸಂಜೆ ನಾನು ಅತ್ತೆಯ ನಾಡಿ ನೋಡುತ್ತಿದ್ದಾಗ ಮುಖ್ಯಸ್ಥರು ವಾರ್ಡಿಗೆ ಬಂದರು. "ನೋಡಿ ಸಿಸ್ಟರ್, ನಿಮ್ಮತ್ತೆ ಒಂದ್ಸಲಾನೂ ಅಲುಗಾಡ್ಲಿಲ್ಲ," ಎಂದು ಹಾಳೆ ತೋರಿಸಿದರು.

ಅವರು ಹೋಗುವವರೆಗೂ ಅತ್ತೆ ಗೋಡೆ ನೋಡುತ್ತಿದ್ದಳು. ಆಮೇಲೆ ಸೊಸೆಗೆ, "ಎಲ್ಲಾ ಗೊತ್ತಾಗ್ತಿತ್ತು ಕಣೇ. ಒತ್ತೋಣ ಅಂದ್ರೆ ಕಾಲು ಕಟ್ಟಿದ್ರು. ನೀನ್ಯಾಕೆ ಬರ್ಲಿಲ್ಲ?" ಎಂದಳು.

ಸೊಸೆ ಹೊದಿಕೆ ಸರಿಸಿ, ಪಟ್ಟಿ ಬಿಗಿದಲ್ಲಿ ಎದ್ದ ಕೆಂಪು ಬರೆಗೆ ಮುಲಾಮು ಹಚ್ಚಿದಳು. ಅಂದಿನಿಂದ ಅತ್ತೆ ಅವಳನ್ನು ಕೆಣಕಿದ್ದನ್ನು ಯಾರೂ ಕೇಳಿಲ್ಲ.