ನಮ್ಮ ಗ್ಯಾಸ್‌ಮನಿ

ಸಗಣಿಯ ಗುಂಡಿ, ಅದರ ಮೇಲೊಂದು ಕಬ್ಬಿಣದ ಡ್ರಮ್ಮು. ಊರೆಲ್ಲ ಅದನ್ನು ಗೋಬರ್ ಗ್ಯಾಸ್ ಅನ್ನುತ್ತದೆ. ಮುರಗೋಡದ ನಮ್ಮ ಮನೆಯಲ್ಲಿ ಮಾತ್ರ ಅದು ‘ಗ್ಯಾಸ್‌ಮನಿ’. ಮದುವೆಯಾಗಿ ಬಂದ ಹೊಸತರಲ್ಲಿ ಕೇಳಿ ನಕ್ಕಿದ್ದೆ. ಗೋಡೆಯಿಲ್ಲ, ಸೂರಿಲ್ಲ, ಇದೆಂಥ ಮನೆ? ಗಂಡ ಹೇಳಿದ್ದು ಇಷ್ಟು: ಗುಂಡಿ ಕಟ್ಟಿಸಿದಾಗ ಅತ್ತೆ, ‘ಹೆಂಡಿ ಗ್ಯಾಸಿನ ಮ್ಯಾಲೆ ನಾ ರೊಟ್ಟಿ ಮಾಡಂಗಿಲ್ಲ’ ಎಂದು ಹಟ ಹಿಡಿದರಂತೆ. ಮಾವ ಡ್ರಮ್ಮಿಗೆ ಕುಂಕುಮ ಹಚ್ಚಿ, ಆ ಗ್ಯಾಸಿನ ಮೇಲೆ ಹಾಲು ಉಕ್ಕಿಸಿ, ಓಣಿಗೆಲ್ಲ ಹೋಳಿಗೆ ಊಟ ಹಾಕಿಸಿ ಗೃಹಪ್ರವೇಶವನ್ನೇ ಮಾಡಿಬಿಟ್ಟರು. ಅಂದಿನಿಂದ ಅದು ಮನಿ. ಅತ್ತೆಯೂ ಮರುಮಾತಿಲ್ಲದೆ ರೊಟ್ಟಿ ಬಡಿದರು.

ಹೋದ ವರ್ಷ ಗಂಡ ತೀರಿಕೊಂಡರು. ಹೊಲದಿಂದ ಬಂದು ಎದೆ ಹಿಡಿದು ಕಟ್ಟೆಯ ಮೇಲೆ ಕುಳಿತವರು ಏಳಲಿಲ್ಲ. ನನಗೆ ಅಳು ಬರಲಿಲ್ಲ. ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಮೈಯೆಲ್ಲ ಆಗಿತ್ತು. ಇನ್ನು ಹೀಗೇ ಇದ್ದುಬಿಡುತ್ತೇನೇನೋ ಎಂದು ಹೆದರಿದ್ದೆ. ನೇಸರಗಿಯಿಂದ ಬಂದಿದ್ದ ಅವರ ಸೋದರತ್ತೆ, ‘ಒಂದ್ ಹನಿ ಕಣ್ಣೀರರೆ ಹಾಕವ್ವಾ, ಮಂದಿ ಏನಂದಾರು?’ ಎಂದರು. ಮಂದಿಗಾಗಿ ಅಳಲು ನಾನೇನು ನಾಟಕದವಳೇ?

ಸಾವಿನ ಮನೆಯಲ್ಲಿ ಶಾಸ್ತ್ರ ಮುಗಿಯುವ ತನಕ ಒಲೆ ಹಚ್ಚುವುದಿಲ್ಲ. ಊಟ ನೆರೆಮನೆಗಳಿಂದ ಬರುತ್ತಿತ್ತು. ಆದರೆ ಮೈದುನ, ಅಣ್ಣ ಮಾಡುತ್ತಿದ್ದ ಕೆಲಸ ನಿಲ್ಲಬಾರದೆಂದು, ದಿನಾ ಸಗಣಿ ಕಲಸಿ ಗುಂಡಿಗೆ ಸುರಿಯುತ್ತಲೇ ಇದ್ದ. ಸುರಿದದ್ದು ಗ್ಯಾಸಾಗಲು ತಿಂಗಳು ಬೇಕು; ಹಿಂದೆ ಹಾಕಿದ್ದರಿಂದ ಏಳುತ್ತಿದ್ದ ಗ್ಯಾಸನ್ನು ಉರಿಸುವವರಿಲ್ಲ. ಡ್ರಮ್ಮು ಏರಿ ಏರಿ ಒಂದು ಮಗ್ಗುಲಿಗೆ ವಾಲಿತು, ಅಂಚಿನಲ್ಲಿ ಗುಳುಗುಳು ಗುಳ್ಳೆ ಎದ್ದವು, ವಾಸನೆ ಅಂಗಳಕ್ಕೆಲ್ಲ ಹಬ್ಬಿತು.

‘ವೈನಿ, ಡ್ರಮ್ಮ ಮಗಚಿ ಬೀಳತೈತ್ರಿ. ಏನ್ ಮಾಡೂಣ್ರಿ?’ ಎಂದು ಮೈದುನ ಗಾಬರಿಯಾದ.

ನನಗೆ ಬೇರೇನೂ ಹೊಳೆಯಲಿಲ್ಲ. ಅಡುಗೆಮನೆಗೆ ಹೋಗಿ, ಗ್ಯಾಸು ಖಾಲಿಯಾಗಲೆಂದು ಒಲೆ ಹಚ್ಚಿದೆ. ಪಾತ್ರೆ ಇಡಲಿಲ್ಲ, ಬರೀ ಉರಿ.

‘ಅಯ್ಯ ಶಿವನ! ಹೆಣಾ ಹೋದ ಮನ್ಯಾಗ ಒಲಿ ಹಚ್ಚಿದ್ಳಲ್ಲೋ!’ ಎಂದು ಸೋದರತ್ತೆ ಬಾಯಿ ಬಡಿದುಕೊಂಡರು. ಕೂಗು ಕೇಳಿ ನನ್ನ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಬೈಯುತ್ತಾರೆ ಅಂದುಕೊಂಡೆ. ಬೈದರೂ ನನಗೆ ತಟ್ಟುತ್ತಿರಲಿಲ್ಲ. ಅವರು ಒಲೆಯ ಮುಂದೆ ನಿಂತು ಎರಡೂ ಕೈ ಉರಿಗೆ ಒಡ್ಡಿದರು.

ನಾನು ಒಲೆಯ ಗುಬ್ಬಿ ತಿರುವಿ ಉರಿ ಆರಿಸಲು ಹೋದೆ.

‘ಆರಸಬ್ಯಾಡ,’ ಎಂದರು. ‘ನನ್ನ ಮಗಾ ಕಲಸಿ ಹಾಕಿದ್ದ ಇದು. ಇನ್ನೂ ಬೆಚ್ಚಗ ಐತಿ ನೋಡ.’

ಅವರ ಕೈಯ ಪಕ್ಕ ನನ್ನ ಕೈ ಒಡ್ಡಿದೆ. ಆಗ ಅಳು ಬಂತು.